ಮಣ್ಣಿಗೂ ಬಿಡುವು ಬೇಕು

ಬನ್ನಿಮಂಟಪ ಅಂದರೆ ದಸರೆಯ ಪಂಜಿನ ಕವಾಯತು ಎಲ್ಲರ ನೆನಪಿಗೆ ಬರುತ್ತದೆ. ಆ ಮೈದಾನದ ಸುತ್ತಲಿನ ಮನೆಗಳ ಬಚ್ಚಲು, ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಮೈಸೂರಿನ ಉತ್ತರದ ಇಳಿಜಾರಿನ ಒಳಚರಂಡಿ ಕೆಸರೆಯ ಸಂಸ್ಕರಣಾ ಘಟಕದ ಕಡೆಗೆ ಹರಿಯುತ್ತದೆ. ಊರಿನ ಉಳಿದ ಕೊಳಚೆಗೆ ವಿದ್ಯಾರಣ್ಯಪುರಂ ಮತ್ತು ರಾಯನಕೆರೆಯ ಘಟಕಗಳಿವೆ. ಇಂಥ ಘಟಕ ದಾಟಿ ಬಂದ ನೀರನ್ನು ಏನು ಮಾಡಬೇಕು ಎಂಬ ಮಾತು ಬಂದಾಗಲೆಲ್ಲ ಕೆಲವು ನಂಬಿಕೆಗಳು ಮತ್ತೆ ಮತ್ತೆ ಕೇಳಿಬರುತ್ತವೆ.

ನಂಬಿಕೆ: ಘಟಕದಿಂದ ತಿಳಿಯಾಗಿ ಬಂದ ನೀರಿನಲ್ಲಿ ಇನ್ನೇನೂ ಉಳಿದಿಲ್ಲ.

ಸಾಮಾನ್ಯ ಘಟಕದ ಎರಡನೇ ಹಂತದವರೆಗಿನ ಸಂಸ್ಕರಣೆ ತೆಗೆಯುವುದು ಮುಖ್ಯವಾಗಿ ಕೊಳೆಯುವ ಪದಾರ್ಥವನ್ನು ಮತ್ತು ತೇಲುವ ಕಣಗಳನ್ನು. ಕರಗಿದ ಸಾರಜನಕ ಮತ್ತು ರಂಜಕ ಬಹುಪಾಲು ನೀರಿನಲ್ಲೇ ಉಳಿಯುತ್ತವೆ. ಯೂರಿಯಾ, ಡಿಎಪಿ ಚೀಲಗಳಿಂದ ರೈತ ಹೊಲಕ್ಕೆ ಹಾಕುವುದೂ ಇವನ್ನೇ. ಹೊಲದಲ್ಲಿ ಬೆಳೆಯನ್ನು ಬೆಳೆಸುವ ಈ ಪೋಷಕಾಂಶ ಕೆರೆಗೆ ಸೇರಿದರೆ ಪಾಚಿಯನ್ನೂ ಜೊಂಡನ್ನೂ ಬೆಳೆಸುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗಿ ಮೀನು ಸಾಯುತ್ತದೆ.

ನಂಬಿಕೆ: ನೀರಿನಲ್ಲಿ ಪೋಷಕಾಂಶ ಹೆಚ್ಚುವುದು ಕಡಲ ತೀರದವರ ಚಿಂತೆ, ಮೈಸೂರಿಗೆ ಸಮುದ್ರ ದೂರ.

ಮೈಸೂರಿನ ದಕ್ಷಿಣದ ಇಳಿಜಾರಿನ ನೀರು ದಳವಾಯಿ ಕೆರೆಯ ದಾರಿಯಾಗಿ ಕಬಿನಿಯ ಕಡೆಗೆ ಹೋಗುತ್ತದೆ. ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುತ್ತದೆ, ಕಾವೇರಿ ಬಂಗಾಳ ಕೊಲ್ಲಿ ಸೇರುತ್ತದೆ. ಸಿಹಿನೀರಿನಲ್ಲಿ ಪಾಚಿಯನ್ನು ಹೆಚ್ಚಾಗಿ ಹತೋಟಿಯಲ್ಲಿಡುವುದು ರಂಜಕದ ಕೊರತೆ, ಕಡಲಂಚಿನಲ್ಲಿ ಸಾಮಾನ್ಯವಾಗಿ ಸಾರಜನಕದ ಕೊರತೆ. ಆದ್ದರಿಂದ ಎರಡನ್ನೂ ಮೂಲದಲ್ಲೇ ತೆಗೆಯಬೇಕು. ಒಂದನ್ನು ಬಿಟ್ಟರೆ ತೊಂದರೆ ಕೆಳಗಿನವರ ಪಾಲಿಗೆ ಹೋಗುತ್ತದೆ, ಅಷ್ಟೆ.

ನಂಬಿಕೆ: ಭೂಮಿಗೆ ಇಂಗಿಸಿಬಿಟ್ಟರೆ ಸಾಕು, ಮಣ್ಣು ಎಲ್ಲವನ್ನೂ ಸೋಸಿಕೊಳ್ಳುತ್ತದೆ.

ಇದರಲ್ಲಿ ಅರ್ಧ ಸತ್ಯವಿದೆ. ಅದಕ್ಕೇ ಇದು ಅಪಾಯಕಾರಿ. ರೋಗಾಣು, ಕಣ, ಕೊಳೆಯುವ ಪದಾರ್ಥಗಳನ್ನು ತಡೆಯುವುದರಲ್ಲಿ ಮಣ್ಣು ನಿಜಕ್ಕೂ ಸಮರ್ಥ. ಸಾರಜನಕದ ವಿಷಯ ಬೇರೆ. ಕೊಳಚೆಯಲ್ಲಿ ಅದು ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುತ್ತದೆ. ಅಮೋನಿಯಂಗೆ ಧನ ವಿದ್ಯುದಂಶ, ಜೇಡಿ ಕಣಗಳಿಗೆ ಋಣ ವಿದ್ಯುದಂಶ, ಹಾಗಾಗಿ ಎರಡೂ ಅಂಟಿಕೊಳ್ಳುತ್ತವೆ. ನೀರು ನಿಲ್ಲಿಸಿ ನೆಲ ಒಣಗಲು ಬಿಟ್ಟರೆ ಮಣ್ಣಿನೊಳಗೆ ಗಾಳಿ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಆ ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ, ಮುಂದಿನ ಸಲ ನೀರು ಬಿಟ್ಟಾಗ ಅದರ ಜೊತೆ ಕೆಳಗಿಳಿಯುತ್ತದೆ. ಆಗ ಗಾಳಿಯಿಲ್ಲದ ಪದರವೂ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಇಂಗಾಲವೂ ಸಿಕ್ಕರೆ ಮಾತ್ರ ನೈಟ್ರೇಟ್ ಸಾರಜನಕದ ಅನಿಲವಾಗಿ ಗಾಳಿಗೆ ಮರಳುತ್ತದೆ. ಸಿಗದಿದ್ದರೆ ಅದು ನೇರವಾಗಿ ಅಂತರ್ಜಲ ಸೇರುತ್ತದೆ.

ಅಂದರೆ ಕೆಲಸ ನಡೆಯಬೇಕಾದರೆ ನೆಲ ತೋಯಬೇಕು, ಒಣಗಬೇಕು, ಮತ್ತೆ ತೋಯಬೇಕು. ಹೊಲವನ್ನು ಬೀಳು ಬಿಡುವ ಹಾಗೆ ಇಂಗುಹೊಂಡಕ್ಕೂ ಬಿಡುವು ಬೇಕು. ಅಮೆರಿಕದ ಫೀನಿಕ್ಸ್ ನಗರದ ಬಳಿ ಸಾಲ್ಟ್ ನದಿಯ ಪಾತ್ರದಲ್ಲಿ 1967ರಿಂದ ಹರ್ಮನ್ ಬೌವರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಇದನ್ನೇ ತೋರಿಸಿತು. ನೀರನ್ನು ಆದಷ್ಟು ಹೆಚ್ಚು ಇಂಗಿಸಲು ಹೋದಾಗ ಸಾರಜನಕ ಕಳೆದದ್ದು ನೂರಕ್ಕೆ 30ರಷ್ಟು ಮಾತ್ರ. ನೀರಿನ ಪ್ರಮಾಣ ತಗ್ಗಿಸಿ, ಸುಮಾರು 9 ದಿನ ನೀರು ಬಿಟ್ಟು 12 ದಿನ ಒಣಗಿಸಿದಾಗ ಅದು ನೂರಕ್ಕೆ 65ರ ಆಸುಪಾಸಿಗೆ ಏರಿತು. ಮಣ್ಣು ಅದೇ, ನೀರೂ ಅದೇ, ಬದಲಾದದ್ದು ನೀರು ಬಿಡುವ ಪ್ರಮಾಣ ಮತ್ತು ಕ್ರಮ.

ಇಸ್ರೇಲಿನ ಟೆಲ್ ಅವೀವ್ ನಗರದ ದಕ್ಷಿಣಕ್ಕೆ, ಕಡಲ ಪಕ್ಕದ ಮರಳುದಿಬ್ಬಗಳಲ್ಲಿ ಇದೇ ವಿಧಾನ ದಶಕಗಳಿಂದ ನಡೆಯುತ್ತಿದೆ. ಹೊಂಡಗಳಿಗೆ ಸರದಿಯ ಮೇಲೆ ನೀರು ಬಿಟ್ಟು ಒಣಗಿಸುತ್ತಾರೆ. ನೆಲದೊಳಗೆ ತಿಂಗಳುಗಟ್ಟಲೆ ಸಾಗಿದ ನೀರನ್ನು ಮೇಲೆತ್ತಿ ನೆಗೆವ್ ಮರುಭೂಮಿಯ ಬೇಸಾಯಕ್ಕೆ ಕಳಿಸುತ್ತಾರೆ. ಅಲ್ಲೂ ವರ್ಷಗಳ ನಂತರ ಆ ಮಣ್ಣಿನೊಳಗಿನ ಮ್ಯಾಂಗನೀಸ್ ಕರಗಿ ಎತ್ತಿದ ನೀರಿನಲ್ಲಿ ಕಾಣಿಸಿಕೊಂಡಿತು. ನೀರನ್ನು ಬದಲಿಸುವ ಮಣ್ಣು ತಾನೂ ಬದಲಾಗುತ್ತದೆ.

ನಮ್ಮ ಕರಾವಳಿಯಲ್ಲಿ ಅಂಥ ಆಳದ ಮರಳು ಎಲ್ಲೆಡೆ ಇಲ್ಲ. ಮುರಕಲ್ಲಿನ ಬಿರುಕುಗಳಲ್ಲಿ ನೀರು ಬೇಗ ಇಳಿಯುತ್ತದೆ, ಬ್ಯಾಕ್ಟೀರಿಯಾಗಳಿಗೆ ಕೆಲಸ ಮುಗಿಸಲು ಪುರುಸೊತ್ತು ಸಿಗುವುದಿಲ್ಲ. ಶೌಚದ ಗುಂಡಿಗೂ ಸೇದುವ ಬಾವಿಗೂ ಸಾಕಷ್ಟು ಅಂತರ ಇರಲೇಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ನಂಬಿಕೆ: ನಮ್ಮದು ಕೆಂಪು ಮಣ್ಣು, ರಂಜಕವನ್ನು ಹಿಡಿದಿಡುತ್ತದೆ.

ಹಿಡಿಯುತ್ತದೆ. ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡಿಗೆ ರಂಜಕ ಗಟ್ಟಿಯಾಗಿ ಅಂಟುತ್ತದೆ. ಆದರೆ ಆ ಜಾಗ ಒಂದು ದಿನ ತುಂಬುತ್ತದೆ, ಆಮೇಲೆ ಬಂದದ್ದು ಮುಂದಕ್ಕೆ ಸಾಗುತ್ತದೆ. ನೆಲ ಸದಾ ಜೌಗಾಗಿ ಗಾಳಿಯೇ ಇಲ್ಲದಿದ್ದರೆ ಕಬ್ಬಿಣ ರೂಪ ಬದಲಿಸಿ ಕರಗುತ್ತದೆ, ಹಿಡಿದಿದ್ದ ರಂಜಕವನ್ನೂ ಬಿಟ್ಟುಕೊಡುತ್ತದೆ.

ನಂಬಿಕೆ: ಕೆರೆ ತುಂಬಿಸಿದರೆ ಮಣ್ಣಿನ ಸಂಸ್ಕರಣೆ ತಾನಾಗಿ ಆಗುತ್ತದೆ.

ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಎರಡನೇ ಹಂತ ದಾಟಿದ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 44 ಕೋಟಿ ಲೀಟರ್ ಗುರಿಯ ಯೋಜನೆ ಅದು. ಮರುತಿಂಗಳೇ ಕೆರೆಯಲ್ಲಿ ನೊರೆ ಕಂಡು ವಿಷಯ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರ ಸಂತೋಷವನ್ನು ನಾನು ಹಗುರವಾಗಿ ಕಾಣಲಾರೆ. ಬರದ ನಾಡಿಗೆ ಅದು ದೊಡ್ಡದು. ಆದರೆ ವರ್ಷವಿಡೀ ತುಂಬಿರುವ ಕೆರೆಯ ತಳ ಒಣಗುವುದೇ ಇಲ್ಲ. ನಿಂತ ನೀರಿನಲ್ಲಿ ಒಂದಿಷ್ಟು ಸಾರಜನಕ ಕಳೆಯುತ್ತದೆ ನಿಜ, ರಂಜಕ ಮಾತ್ರ ಹೂಳಿನಲ್ಲಿ ಕೂಡುತ್ತಾ ಹೋಗುತ್ತದೆ. ಮೂರನೇ ಹಂತದ ಸಂಸ್ಕರಣೆ ಬೇಕೆಂದು ಕೋಲಾರದ ಜನ ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ಕೆರೆಗೆ ಬಿಡುವ ಮೊದಲು ಒಣಗಿಸಲು ಬರುವ ಹೊಂಡಗಳ ಸಾಲೊಂದನ್ನು ಇಟ್ಟರೂ ಮಣ್ಣಿಗೆ ಕೆಲಸ ಮಾಡುವ ಅವಕಾಶ ಸಿಗುತ್ತದೆ. ಜೊಂಡು ಬೆಳೆದರೆ ಅದೇ ಪೋಷಕಾಂಶ ಹೀರುತ್ತದೆ ಎಂದು ಬಿಡುವವರೂ ಇದ್ದಾರೆ. ಕೊಯ್ದು ಹೊರಗೆ ಸಾಗಿಸಿದರೆ ಮಾತ್ರ ಆ ಮಾತು ನಿಜ.

ನಂಬಿಕೆ: ಏನಿದ್ದರೂ ಕುದಿಸಿ ಕುಡಿದರಾಯಿತು.

ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೊಳಚೆ ಹರಿಯುವ ಹಳ್ಳ, ಕೆರೆಗಳ ಪಕ್ಕದ ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳಿಸದೆ ಅದು ಇದೆಯೋ ಇಲ್ಲವೋ ಹೇಳಲಾಗದು.