ತಿಳಿನೀರೆಲ್ಲ ಶುದ್ಧೋದಕವೇ?

ಶಾಮನೂರು ಇಂದು ದಾವಣಗೆರೆ ನಗರದೊಳಗೆ ಸೇರಿಹೋಗಿದ್ದರೂ ಅಲ್ಲಿಯ ಹಿರಿಯರು ಹಳೆಯ ನಂಬಿಕೆಗಳನ್ನು ಬಿಟ್ಟಿಲ್ಲ. ಬಿಡಬೇಕೆಂದು ನಾವೂ ಹೇಳುವವರಲ್ಲ. ಒಂದನ್ನು ಮಾತ್ರ ಪರಿಶೀಲಿಸದೆ ವಿಧಿಯಿಲ್ಲ. ನಲ್ಲಿಯ ನೀರಿಗೆ ಮೂಗು ಮುರಿಯುವ ಗೃಹಸ್ಥರೇ ನಮ್ಮ ಜಿಲ್ಲೆಯ ತೀರ್ಥರಾಮೇಶ್ವರಕ್ಕೆ ಹೋದಾಗ ಅಲ್ಲಿಯ ಒರತೆಯ ನೀರನ್ನು ನಿಶ್ಶಂಕೆಯಿಂದ ಕುಡಿದು, ಸೀಸೆಗಳಲ್ಲಿ ತುಂಬಿ ಮನೆಯ ಮಕ್ಕಳಿಗೂ ತರುತ್ತಾರೆ. ಕೋಲಾರದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೂ ಇದೇ ಮರ್ಯಾದೆ. ಈ ತೀರ್ಥಗಳು ಕೆಟ್ಟಿವೆಯೆಂದು ನಾವು ಹೇಳುತ್ತಿಲ್ಲ. ಚೆನ್ನಾಗಿವೆಯೆಂದು ಕಣ್ಣಳತೆಯಿಂದ ಹೇಳುವ ಅಧಿಕಾರವು ಯಾರಿಗೂ ಇಲ್ಲವೆಂಬುದಷ್ಟೇ ನಮ್ಮ ವಾದ.

ಮಣ್ಣು ಮರಳುಗಳ ದಪ್ಪ ಪದರಗಳಲ್ಲಿ ಮೆಲ್ಲಮೆಲ್ಲನೆ ಇಳಿದು ಬಂದ ನೀರು ಬಹುಮಟ್ಟಿಗೆ ಸೋಸಿ ಬರುವುದು ನಿಜ. ಆದರೆ ಬಂಡೆಯ ಬಿರುಕು ಜರಡಿಯಲ್ಲ, ಕೊಳವೆ. ಮಳೆ ಬಿದ್ದೊಡನೆ ಮೇಲಿನ ಇಳಿಜಾರಿನ ಸಗಣಿಯೂ ಮನುಷ್ಯರ ಮಲವೂ ಅದರ ಮೂಲಕ ನೇರವಾಗಿ ಕೆಳಗಿಳಿಯಬಹುದು. ಹಾಗಾದಾಗಲೂ ನೀರು ತಣ್ಣಗೆ, ತಿಳಿಯಾಗಿ, ರುಚಿಯಾಗಿಯೇ ಇರಬಹುದು. ಆದುದರಿಂದಲೇ ಪರೀಕ್ಷಕರು ಈ.ಕೋಲಿ ಎಂಬ ಕರುಳಿನ ಅಣುಜೀವಿಯನ್ನು ಹುಡುಕುವರು. ಇದರ ಪ್ರಭೇದಗಳಲ್ಲಿ ಹೆಚ್ಚಿನವು ನಿರಪಾಯಕಾರಿಗಳು. ಆದರೂ ಅದು ಕಂಡಲ್ಲಿ ಮಲವು ನೀರಿಗೆ ಸೇರಿದೆಯೆಂದೂ, ಅದರೊಡನೆ ವಿಷಮಶೀತಜ್ವರ, ವಾಂತಿಭೇದಿಗಳ ಬೀಜವೂ ಬಂದಿರಬಹುದೆಂದೂ ತಿಳಿಯತಕ್ಕದ್ದು. ಕುಡಿಯುವ ನೀರಿನ ೧೦೦ ಮಿಲಿಲೀಟರಿನಲ್ಲಿ ಅದು ಒಂದೂ ಕಾಣಕೂಡದೆಂಬುದು ಭಾರತೀಯ ಮಾನಕದ ವಿಧಿ.

ಕಲ್ಕತ್ತೆಯ ಜನರು ಮೀಯುತ್ತಲೂ ಕುಡಿಯುತ್ತಲೂ ಇದ್ದ ಕೆರೆಯೊಂದರಲ್ಲಿ ರಾಬರ್ಟ್ ಕೋಖ್ ಪಂಡಿತನು ಕಾಲರಾದ ಅಣುಜೀವಿಯನ್ನು ಕಂಡುದು ೧೮೮೪ರಲ್ಲಿ. ಅದಾಗಿ ನೂರಮೂವತ್ತೊಂಬತ್ತು ವರ್ಷಗಳ ತರುವಾಯ, ೨೦೨೩ರಲ್ಲಿ, ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ದೆಸೆಯಿಂದ ನೂರಕ್ಕೂ ಹೆಚ್ಚು ಜನರು ಹಾಸಿಗೆ ಹಿಡಿದರು, ಕೆಲವರು ಪ್ರಾಣವನ್ನೇ ತೆತ್ತರು. ಅದು ಒರತೆಯ ನೀರಲ್ಲ, ಕೊಳಾಯಿಯ ನೀರು. ಲೆಕ್ಕಪತ್ರಗಳುಳ್ಳ ನೀರೇ ಹೀಗಾದರೆ, ಹೇಳಕೇಳುವವರಿಲ್ಲದ ನೀರಿನ ಗತಿಯೇನು?

ಪರೀಕ್ಷೆಗೆ ದೊಡ್ಡ ವೆಚ್ಚವೇನೂ ತಗಲದು. ೧೯೮೨ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ ಒಂದು ಸುಲಭೋಪಾಯವುಂಟು: ಔಷಧಿ ಹಚ್ಚಿದ ಕಾಗದವಿರುವ ಸೀಸೆಗೆ ನೀರು ತುಂಬಿ ಬೆಚ್ಚಗಿಟ್ಟರೆ, ಮಲದ ಅಣುಜೀವಿಗಳಿದ್ದ ಪಕ್ಷದಲ್ಲಿ ಒಂದೆರಡು ದಿನದೊಳಗೆ ನೀರು ಕಪ್ಪಾಗುವುದು. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಪ್ರತಿ ಗ್ರಾಮದಲ್ಲಿ ಐವರು ಸ್ತ್ರೀಯರಿಗೆ ನೀರಿನ ಪರೀಕ್ಷೆಯನ್ನು ಕಲಿಸುವ ಏರ್ಪಾಡನ್ನೂ ಮಾಡಿದೆ. ಆ ಸೋದರಿಯರ ಪೆಟ್ಟಿಗೆಯು ನಲ್ಲಿಯ ಬಳಿಗೆ ಹೋಗುವಂತೆ ತೀರ್ಥದ ಬಳಿಗೂ ಹೋಗಲಿ. ಮುಂಗಾರಿನ ಮೊದಲ ಮಳೆಯಾದ ಕೂಡಲೆ ತಪ್ಪದೆ ಹೋಗಲಿ. ಫಲಿತಾಂಶವನ್ನು ಕಚೇರಿಯ ಕಡತದಲ್ಲಿ ಮಲಗಿಸದೆ, ಒರತೆಯ ಪಕ್ಕದ ಹಲಗೆಯ ಮೇಲೆ ತಾರೀಖು ಸಹಿತ ಕನ್ನಡದಲ್ಲಿ ಬರೆಯತಕ್ಕದ್ದು. ಒರತೆಯ ಸುತ್ತ ಕಟ್ಟೆ ಕಟ್ಟಿಸಿ ದನಕರುಗಳನ್ನು ದೂರವಿರಿಸುವುದೂ, ಮೇಲಿನ ಇಳಿಜಾರಿನಲ್ಲಿ ಪಾಯಖಾನೆಯ ಗುಂಡಿ ತೋಡಗೊಡದಿರುವುದೂ ದೇವಸ್ಥಾನದ ಸಮಿತಿ ಮತ್ತು ಪಂಚಾಯತಿಯವರ ಹೊಣೆ.

ಕಾಯಿಸಿದರೆ ತೀರ್ಥದ ಪಾವಿತ್ರ್ಯ ಕೆಡುವುದೆನ್ನುವ ಹಿರಿಯರಿಗೆ ನಮ್ಮದೊಂದು ಅರಿಕೆ. ಅಭಿಷೇಕದ ನೀರು ಇದ್ದಂತೆಯೇ ಇರಲಿ. ಕೂಸಿನ ಬಾಯಿಗೆ ಹಾಕುವುದನ್ನು ಮಾತ್ರ ಒಂದು ನಿಮಿಷ ಕೊತಕೊತನೆ ಕುದಿಸಿ, ಮುಚ್ಚಿದ ಪಾತ್ರೆಯಲ್ಲಿಯೇ ಆರಿಸಿ, ಕೈ ಅದ್ದದೆ ಬಗ್ಗಿಸಿ ಕೊಡಿರಿ.