ಹೊಲದ ಸಾಕ್ಷಿ ಹೇಳೋ ಕ್ಯಾಮರಾ

ಕಂಪ್ಯೂಟರನ್ನು ನಾವೇನೂ ಕರೆದು ತಂದದ್ದಲ್ಲ, ಪಹಣಿಯ ಬೆನ್ನು ಹತ್ತಿ ಅದೇ ಬಂತು. ಮೊದಲು ಗ್ರಾಮಲೆಕ್ಕಿಗರು ಪಹಣಿ ಕೈಯಲ್ಲಿ ಬರೆದು ಕೊಡುತ್ತಿದ್ದರು. 'ಭೂಮಿ' ಯೋಜನೆ ಬಂದು 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಕೈಬರಹದ್ದು ನಡೆಯದಾಯಿತು. ಆಗ 15 ರೂಪಾಯಿಗೆ ಅಚ್ಚಾದ ಹಾಳೆ ಸಿಗುತ್ತಿತ್ತು, ನಿಜ. ಆದರೆ ಅಂಜನಾಪುರದಿಂದ ಶಿಕಾರಿಪುರಕ್ಕೆ ಹೋಗಿ ಸಾಲಲ್ಲಿ ನಿಲ್ಲಬೇಕು, ಕರೆಂಟು ಹೋದರೆ ಕಾಯಬೇಕು. 'ಯಂತ್ರಕ್ಕೆ ಮುಖದಾಕ್ಷಿಣ್ಯ ಇಲ್ಲ' ಅಂತ ನಾವೆಲ್ಲ ಗೊಣಗಿದೆವು. ದಾಕ್ಷಿಣ್ಯ ಇಲ್ಲದ್ದೇ ಲಾಭ ಅಂತ ಆಮೇಲೆ ಕಂಡಿತು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ಅಂತಾಯಿತು.

ಕ್ಯಾಮರಾದ ಕಥೆ ಬೇರೆ. ಕುಮುದ್ವತಿಗೆ ಕಟ್ಟಿದ ಜಲಾಶಯ ಕಣ್ಣೆದುರೇ ಇದ್ದರೂ ನಮ್ಮ ಎತ್ತರದ ಹೊಲಗಳಿಗೆ ಮಳೆಯೇ ಗತಿ. ಮಳೆ ಕೈಕೊಟ್ಟರೆ ಬೆಳೆವಿಮೆ, ಪರಿಹಾರ ನೋಡಬೇಕು. ಅದಕ್ಕೆ ಪಹಣಿಯ 12ನೇ ಕಾಲಂನಲ್ಲಿ ಬೆಳೆ ಸರಿಯಾಗಿ ಕೂತಿರಬೇಕು. ಹೊಲದಲ್ಲಿ ಮೆಕ್ಕೆಜೋಳ, ಕಾಗದದಲ್ಲಿ ಭತ್ತ ಅಂತಾದರೆ ಕಂತು ಕಟ್ಟಿಯೂ ದುಡ್ಡು ಬರೋದಿಲ್ಲ. ನಮ್ಮ ಪಕ್ಕದ ಹೊಲದವರಿಗೆ ಹೀಗೇ ಆಗಿತ್ತು. ಒಣಗಿದ ಬೆಳೆ ತೋರಿಸಿದರೂ ಕೇಳುವವರಿಲ್ಲ.

2020ರ ಮುಂಗಾರಿನಲ್ಲಿ ರೈತರೇ ಬೆಳೆ ಸಮೀಕ್ಷೆ ಮಾಡುವ ಆ್ಯಪ್ ಬಂತು. ಏಳನೇ ಕ್ಲಾಸು ಓದಿದ ನನಗೆ ಇದೆಲ್ಲ ಯಾಕೆ ಅಂತ ಒಂದು ವರ್ಷ ದೂರವೇ ಇದ್ದೆ. ಪಕ್ಕದವರ ಪಾಡು ನೆನಪಾಗಿ ಮಗಳ ಕೈಲಿ ಹೇಳಿಸಿಕೊಂಡೆ. ಸರ್ವೆ ನಂಬರು, ಹಿಸ್ಸಾ ಆರಿಸಬೇಕು. ಹೊಲದೊಳಗೇ ನಿಂತು ಬೆಳೆ, ವಿಸ್ತೀರ್ಣ, ಮಳೆಯಾಶ್ರಯವೋ ನೀರಾವರಿಯೋ ಅಂತ ತುಂಬಿ ಫೋಟೋ ತೆಗೆಯಬೇಕು. ಮನೆ ಜಗಲಿ ಮೇಲೆ ಕೂತರೆ ಆಗೋದಿಲ್ಲ, ನಿಂತ ಜಾಗವನ್ನು ಫೋನೇ ಗುರುತು ಹಿಡಿಯುತ್ತೆ. ಅಕ್ಕಡಿ ಸಾಲಿನ ತೊಗರಿಯನ್ನೂ ಬಿಡದೆ ಸೇರಿಸಿ.

ಇನ್ನೊಂದು ಉಪಯೋಗ ಹುಳದ್ದು. ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳುವನ್ನು ದೇಶದಲ್ಲೇ ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲಿ, 2018ರಲ್ಲಿ. ಬಾಯಲ್ಲಿ ಎಷ್ಟು ವರ್ಣಿಸಿದರೂ ತಜ್ಞರಿಗೆ ಯಾವ ಹುಳ ಅಂತ ತಿಳಿಯದು. ತಲೆ ಮೇಲಿನ ತಲೆಕೆಳಗಾದ 'ವೈ' ಗುರುತು, ಬಾಲದ ಹತ್ತಿರ ಚೌಕಾಕಾರದ ನಾಲ್ಕು ಚುಕ್ಕಿ ಕಾಣುವಂತೆ ಹತ್ತಿರದಿಂದ ತೆಗೆದ ಫೋಟೋ ಕಳಿಸಿದರೆ ಗುರುತು ಹಿಡಿಯೋದು ಸುಲಭ. ಸಿಕ್ಕಿದ ಔಷಧಿ ಹೊಡೆಯುವ ಖರ್ಚು ಉಳಿಯಿತು.

ಎಲ್ಲ ಸರಿ ಇದೆ ಅಂತಲ್ಲ. ಹೊಲದಲ್ಲಿ ಸಿಗ್ನಲ್ ಇರೋದಿಲ್ಲ. ಫೋಟೋ ತೆಗೆದಿಟ್ಟು ಸಿಗ್ನಲ್ ಸಿಕ್ಕ ಕಡೆ ಕಳಿಸಬೇಕು. ದೊಡ್ಡ ಫೋನಿಲ್ಲದ ಒಂಟಿ ಮುದುಕರಿಗೆ ನಾವೇ ನೆರವಾಗಬೇಕು. ಕಳಿಸಿದ ಮೇಲೂ 'ಬೆಳೆ ದರ್ಶಕ'ದಲ್ಲಿ ಏನು ದಾಖಲಾಗಿದೆ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ. ಬೆಳೆ ಕೊಯ್ದ ಮೇಲೆ ಹೊಲದಲ್ಲಿ ಸಾಕ್ಷಿ ಉಳಿಯೋದಿಲ್ಲ.