ಬರದ ಪುಸ್ತಕ ಓದುಗರ ಮನಿಗೆ ಮುಟ್ಟಸೂದು ಹೆಂಗ?

ಪುಸ್ತಕ ಬರದೀರಿ, ಆದ್ರ "ಯಾರು ಕೊಳ್ತಾರ?" ಅಂತ ಟ್ರಂಕಿನ್ಯಾಗ ಇಟ್ಟೀರೇನು?

ಹಾವೇರಿ ಕಡೆಯ ಕಾದಂಬರಿಕಾರ ಗಳಗನಾಥರು ಹುಟ್ಟಿದ್ದು 1869ರಾಗ. ತಮ್ಮ ಪುಸ್ತಕದ ಗಂಟು ತಲಿ ಮ್ಯಾಲೆ ಹೊತ್ತು, ಊರೂರು ತಿರುಗಿ ಮಾರಿದರು. 1933ರಾಗ ಧಾರವಾಡದಾಗ ಶುರುವಾದ ಮನೋಹರ ಗ್ರಂಥಮಾಲಾ ಪ್ರಕಾಶನ ಚಂದಾದಾರರನ್ನ ಕೂಡಿಸಿ ಪುಸ್ತಕ ಹೊರತಂತು.

ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗದ ಬರಹಗಾರರೇ, ನೀವೇನು ಮಾಡಬೇಕು?

ಒಂದು: ದಿನಾ ಒಂದು ಪುಟ ಬರೀರಿ. ಎಲ್ಲವ್ವನ ಜಾತ್ರಿ, ಮಲಪ್ರಭಾ ದಂಡಿ, ನಿಮ್ಮ ಓಣಿ ಜಗಳ, ಎಲ್ಲಾ ಕಥೀನ.

ಎರಡು: ಸುಳ್ಳ ಹೊಗಳದ ಇಬ್ಬರ ಕಡೆ ಓದಿಸಿ ತಿದ್ದರಿ.

ಮೂರು: ಯುವ ಬರಹಗಾರರ ಮೊದಲ ಪುಸ್ತಕಕ್ಕ ಕನ್ನಡ ಪುಸ್ತಕ ಪ್ರಾಧಿಕಾರದ ಸಹಾಯಧನ ಐತಿ, ಅರ್ಜಿ ಕರದಾಗ ಹಾಕ್ರಿ. ಪುಸ್ತಕದ ಗುರುತಿನ ನಂಬರ್ ಐಎಸ್‌ಬಿಎನ್ ಸರಕಾರದಿಂದ ಪುಕ್ಕಟ ಸಿಗತೈತಿ.

ನಾಲ್ಕು: ಅಕ್ಟೋಬರದ ಕಿತ್ತೂರು ಉತ್ಸವ, ತಾಲೂಕು ಸಾಹಿತ್ಯ ಸಮ್ಮೇಳನ, ಊರಿನ ಸಾಲಿ, ಕಾಲೇಜು, ಎಲ್ಲಾ ಕಡೆ ಪುಸ್ತಕ ಹಿಡಕೊಂಡು ಹೋಗ್ರಿ. ಒಂದು ಪ್ಯಾರಾ ಓದಿ ರೀಲ್ ಮಾಡ್ರಿ. ಬೆಲಿ, ಸಿಗೂ ಜಾಗಾ ತಪ್ಪದ ಹೇಳ್ರಿ.

ನಮ್ಮ ಪುಸ್ತಕ ನಾವ ಮಾರೂದು ನಾಚಿಕಿ ಕೆಲಸ ಅಲ್ಲ. ಇವತ್ತ ರಾತ್ರಿನ ಒಂದು ಪುಟ ಬರೀರಿ, ಯಾವ ಊರಿನವರು ಅಂತ ಕಾಮೆಂಟಿನ್ಯಾಗ ತಿಳಸ್ರಿ!